ಅಕ್ಕನ ಕುತ್ತಿಗೆಯ ಗಂಟು, ನಿನ್ನ ಬಿಳಿ ಮಾತ್ರೆ

ಎರಡು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿರುವ ಅಪ್ಪನಿಗೆ,

ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ ಈಚೆ ಮಲಗುವವರು ಕ್ಷೇಮ ಸಮಾಚಾರ ಬರೆದುಕೊಳ್ಳುವುದು ನಗೆಪಾಟಲು. ಆದ್ದರಿಂದ ಅದನ್ನು ಬಿಡುತ್ತೇನೆ. ನನಗೆ ಹೇಳಬೇಕಾದ್ದನ್ನೆಲ್ಲ ನೀನು ಈಗ ಅಮ್ಮನ ಬಾಯಲ್ಲಿ ಹೇಳಿಸುತ್ತೀಯ. "ಅವಳಿಗೆ ಹೇಳು, ಬಕೆಟ್ ತುಂಬಿ ಹರೀತಿದೆ ಅಂತ." ನಾನು ನಲ್ಲಿಯ ಪಕ್ಕದಲ್ಲೇ ನಿಂತಿರುತ್ತೇನೆ. ಅಮ್ಮ ನಿನ್ನ ಮುಖ ನೋಡಿ, ನನ್ನ ಮುಖ ನೋಡಿ, "ಇಬ್ರಿಗೂ ಕಿವಿ ಇದೆಯಲ್ಲ, ನಾನೇನು ಮೈಕಾ?" ಎಂದು ಗೊಣಗುತ್ತಾಳೆ. ಬಕೆಟ್ಟಿನ ವಿಷಯವಾಗಿದ್ದರೆ ನಾನೂ ಅಮ್ಮನ ಕೈಯಲ್ಲೇ ಹೇಳಿಸುತ್ತಿದ್ದೆ. ಇದು ಅಕ್ಕನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ಅಕ್ಕ ಹನ್ನೊಂದು ದಿನದಿಂದ ನೇರಳೆ ಬಣ್ಣದ ಮಾತ್ರೆ ನುಂಗಿಲ್ಲ. ನಿನ್ನೆ ಅವಳ ಅಂಚೆಚೀಲವನ್ನು ಒಗೆಯಲು ತೆಗೆದುಕೊಂಡಾಗ ಒಳಜೇಬಿನಲ್ಲಿ ಒಂದು ಗುಂಡಿಯೂ ಒಡೆಯದ ಮಾತ್ರೆಪಟ್ಟಿಗಳು ಸಿಕ್ಕವು. ಕೇಳಿದೆ. "ಅಪ್ಪ ಬೇಡ ಅಂದ. ಅದು ಹೊಟ್ಟೆ ಕೆಡಿಸುತ್ತಂತೆ. ಬಿಳೀದು ಒಂದೇ ಸಾಕಂತೆ" ಎಂದಳು. ನನ್ನ ಕೈಯಿಂದ ಚೀಲ ಕಿತ್ತುಕೊಂಡು ಇನ್ನೊಂದು ಮಾತೂ ಸೇರಿಸಿದಳು: "ನೀನು ಡಾಕ್ಟರಾ?"

ನಾನು ಡಾಕ್ಟರಲ್ಲ. ನೀನೂ ಅಲ್ಲ ಅಪ್ಪ. ಈ ಮಾತನ್ನು ನಿನಗೆ ಮುಖಕ್ಕೆ ಮುಖ ಕೊಟ್ಟು ಹೇಳಿದವರು ಇಡೀ ಬೀದಿಯಲ್ಲಿ ಯಾರೂ ಇಲ್ಲ. ಕ್ಲಿನಿಕ್ಕಿನ ಡಾಕ್ಟರು ಸಂಜೆ ಎರಡು ಗಂಟೆ ಕೂತು ಹೋಗುತ್ತಾರೆ. ಉಳಿದ ಹೊತ್ತು ಕಾಂಪೌಂಡರ್ ಆದ ನೀನೇ ಅಲ್ಲಿ ಎಲ್ಲ. ಜನ "ಡಾಕ್ಟ್ರೇ" ಎಂದು ಕೂಗುತ್ತಾರೆ, ನೀನು ತಿರುಗಿ ನೋಡುತ್ತೀಯ. ಚಿಕ್ಕವಳಿದ್ದಾಗ ಅದು ನನಗೆ ಹೆಮ್ಮೆಯಾಗಿತ್ತು. ಹಳೆಯ ಪತ್ರಿಕೆಯ ಚೌಕವನ್ನು ನೀನು ಒಂದೇ ಕೈಯಲ್ಲಿ ಮಡಿಸಿ ಪೊಟ್ಟಣ ಮಾಡುವುದು, ಹೆಬ್ಬೆರಳ ಉಗುರಿನಿಂದ ಮಾತ್ರೆಯನ್ನು ಸರಿಯಾಗಿ ಎರಡು ಹೋಳು ಮಾಡುವುದು, ಅಳುವ ಮಗುವಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗದಂತೆ ಚುಚ್ಚುವುದು, ಇವೆಲ್ಲ ಸುಳ್ಳಲ್ಲ. ನಿನ್ನ ಕೈಗುಣ ಒಳ್ಳೆಯದು ಎಂದು ಜನ ಹೇಳುವುದೂ ಸುಳ್ಳಲ್ಲ. ನನ್ನ ಜಗಳ ನಿನ್ನ ಕೈಯ ಜೊತೆಗಲ್ಲ, ಬಾಯಿಯ ಜೊತೆ.

ಹೋದ ವರ್ಷ ಅಕ್ಕನ ಕುತ್ತಿಗೆಯ ಎಡಗಡೆ ಮೊದಲ ಗಂಟು ಎದ್ದಾಗ ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಅಂಚೆಯ ಸಮವಸ್ತ್ರದ ಕಾಲರಿನ ಕೆಳಗೆ ಅದು ಕಾಣುತ್ತಲೂ ಇರಲಿಲ್ಲ. ಬಲಗಡೆಯೂ ಎದ್ದು, ಸಂಜೆ ಸಂಜೆ ಜ್ವರ ಬರತೊಡಗಿ, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗದೆ ಸೈಕಲ್ಲಿನ ಬ್ರೇಕ್ ಹಿಡಿಯುವುದೇ ಕಷ್ಟವಾದಾಗ ನಿನಗೆ ಹೇಳಿದಳು. ಕೆನ್ನೆ ಕೆಂಪಾಗುತ್ತಿದೆ ಎಂದೂ ಹೇಳಿದಳು. ನೀನು ನಕ್ಕೆ. "ದಿನವಿಡೀ ಬಿಸಿಲಲ್ಲಿ ಸೈಕಲ್ ಹೊಡೆದ್ರೆ ಕೆನ್ನೆ ಕೆಂಪಾಗದೆ ಹಸಿರಾಗುತ್ತೇನೇ?" ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆಮೇಲೆ ನೀನು ಕ್ಲಿನಿಕ್ಕಿನಿಂದ ಹೆಸರು ಬರೆಯದ ಒಂದು ಪೊಟ್ಟಣ ತಂದೆ. ಸಣ್ಣ ಬಿಳಿ ಮಾತ್ರೆಗಳು, ಐದು ದಿನಕ್ಕೆ.

ಮೂರನೇ ದಿನಕ್ಕೇ ಜ್ವರ ಹೋಯಿತು. ಗಂಟು ಬೆಲ್ಲದ ಹಾಗೆ ಕರಗಿತು. ಅಕ್ಕ ಎರಡೆರಡು ಸಲ ಬಡಿಸಿಕೊಂಡು ಉಂಡಳು. "ನೋಡಿದ್ರಾ!" ಎಂದು ನೀನು ಕನ್ನಡಿಯ ಮುಂದೆ ನಿಂತು ಮೀಸೆ ಸರಿ ಮಾಡಿಕೊಂಡೆ. ತಿಂಗಳು ತುಂಬುವಷ್ಟರಲ್ಲಿ ಗಂಟು ಮತ್ತೆ ಬಂತು. ಮತ್ತೆ ಪೊಟ್ಟಣ. ಎರಡನೇ ಸಲದ ಪೊಟ್ಟಣವನ್ನು ಕ್ಲಿನಿಕ್ಕಿನಿಂದ ಓಡಿ ತಂದವಳು ನಾನೇ. ಅದನ್ನು ಮುಚ್ಚಿಡುವುದಿಲ್ಲ. ಮೂರನೇ ಸಲ ಗಂಟು ಕರಗದೆ ಅರ್ಧಕ್ಕೆ ನಿಂತಿತು, ನೀನು ಮಾತ್ರೆ ಜಾಸ್ತಿ ಮಾಡಿದೆ. ಕೊನೆಗೆ ಅಮ್ಮ ಹಟ ಹಿಡಿದಳು, ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿ ಗಂಟಿನ ಒಂದು ಚೂರು ಕೊಯ್ದು ಪರೀಕ್ಷೆಗೆ ಕಳಿಸಬೇಕು ಎಂದರು. ಕೊಯ್ಯುವ ಮುಂಚೆ ಒಬ್ಬ ಎಳೆಯ ಡಾಕ್ಟರು ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದುಕೊಂಡು ಬಂದು ಕೇಳಿದರು: "ಇದಕ್ಕೆ ಮುಂಚೆ ಬೇರೆ ಏನಾದ್ರೂ ಔಷಧಿ ತಗೊಂಡಿದ್ದಾರಾ?" ನೀನು ಹೇಳಿದೆ: "ಏನೂ ಇಲ್ಲ ಸಾರ್. ಬರೀ ಜ್ವರದ ಮಾತ್ರೆ." ಅಕ್ಕ ಹಿಂದಿನ ರಾತ್ರಿ ಊಟವಾದ ಮೇಲೆ ಬಿಳಿ ಮಾತ್ರೆ ನುಂಗಿದ್ದಳು. ನಾನು ಅಲ್ಲೇ ಇದ್ದೆ. ತಲೆಯ ಮೇಲಿನ ಫ್ಯಾನಿನ ರೆಕ್ಕೆ ನೋಡುತ್ತಾ ಸುಮ್ಮನಿದ್ದೆ. ಸುಳ್ಳು ಹೇಳುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುವವಳು ನಾನು. ಅವತ್ತು ಬಾಯಿ ಮುಚ್ಚಿಕೊಂಡು ಸುಳ್ಳು ಹೇಳಿದೆ. ಆ ಪಾಪದಲ್ಲಿ ನನಗೂ ಪಾಲಿದೆ, ನನ್ನ ಪಾಲನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ವರದಿ ಬಂತು. ಗಂಟಿನೊಳಗೆ ಅಲ್ಲಲ್ಲಿ ಸತ್ತ ಜಾಗಗಳಿವೆ, ಕ್ಷಯ ಇರಬಹುದು, ಖಚಿತವಾಗಿ ಹೇಳಲಾಗದು. ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ಮೈ ಇಳಿದಿದೆ. ಅವರು ಕ್ಷಯ ಎಂದುಕೊಂಡು ಮಾತ್ರೆ ಶುರು ಮಾಡಿದರು. ಅವರದು ತಪ್ಪು ಎಂದು ನೀನು ಈಗ ಕ್ಷೌರದ ಅಂಗಡಿಯಲ್ಲಿ ಕೂತು ಭಾಷಣ ಮಾಡುತ್ತೀಯ. ಅರ್ಧ ಪತ್ರ ಹರಿದು ಕೊಟ್ಟವರು ಓದಿದವರನ್ನು ಬೈಯಬಾರದು.

ಎರಡು ತಿಂಗಳು ಅಕ್ಕ ಆ ಕ್ಷಯದ ಮಾತ್ರೆ ನುಂಗಿದಳು. ನೀನು ಅವಳ ಲೋಟ ಬೇರೆ ಇಟ್ಟೆ, ತಟ್ಟೆ ಬೇರೆ ಇಟ್ಟೆ. ಕುತ್ತಿಗೆ ಗಂಟಿನ ಕ್ಷಯ ಲೋಟದಿಂದ ಹರಡುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರೂ ಇಟ್ಟೆ. ಅಂಚೆ ಕಚೇರಿಯಲ್ಲಿ ಅವಳ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರು. ಅವಳು ಅಳಲಿಲ್ಲ. ಅವಳ ಕಣ್ಣು ಹಳದಿಯಾಯಿತು, ಕೂದಲು ಬಾಚಣಿಗೆಗೆ ಹಿಡಿ ಹಿಡಿ ಬಂತು, ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಕೂತಿತು. ಮೂತ್ರದಲ್ಲಿ ನೊರೆ ಬರುತ್ತಿದೆ ಎಂದು ಅವಳು ನಾಚಿಕೆ ಬಿಟ್ಟು ಅಮ್ಮನಿಗೆ ಹೇಳಿದ ದಿನ, ದೊಡ್ಡಾಸ್ಪತ್ರೆಯವರು ಬೆರಳಿನ ಬಿಗಿತವನ್ನೂ ಕೇಳಿ ನಮ್ಮನ್ನು ಕೀಲುವಾತದ ಡಾಕ್ಟರ ಹತ್ತಿರ ಕಳಿಸಿದರು.

ಆ ಕೋಣೆ ನಿನಗೂ ನೆನಪಿದೆ, ಆದರೆ ನಾನು ನೋಡಿದ್ದನ್ನು ನೀನು ನೋಡಲಿಲ್ಲ ಅನ್ನಿಸುತ್ತದೆ. ಆ ಡಾಕ್ಟರಮ್ಮ ಕುತ್ತಿಗೆಯನ್ನು ಕಟ್ಟಕಡೆಗೆ ಮುಟ್ಟಿದರು. ಮೊದಲು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒತ್ತಿದರು. "ತಣ್ಣೀರಲ್ಲಿ ಕೈಯಿಟ್ರೆ ಬೆರಳು ಬೆಳ್ಳಗಾಗುತ್ತಾ?" ಆಗುತ್ತದೆ. "ಬಿಸಿಲಿಗೆ ಹೋದ್ರೆ ಕೆನ್ನೆ ಉರಿಯುತ್ತಾ, ಮೂಗಿನ ಮೇಲೂ ಬರುತ್ತಾ?" ಬರುತ್ತದೆ. ಬಾಯಿ ತೆರೆಸಿ ಟಾರ್ಚ್ ಹಾಕಿದರು. ಅಂಗುಳದ ಮೇಲೆ ಹುಣ್ಣಿತ್ತು. ನೋವಿಲ್ಲದ ಹುಣ್ಣು, ಅಕ್ಕನಿಗೇ ಗೊತ್ತಿರಲಿಲ್ಲ. ನಮ್ಮ ಮನೆಯ ಒಂದು ವರ್ಷದ ಸಂಗತಿ ಐದು ನಿಮಿಷದಲ್ಲಿ ಹೊರಬಂತು. ನೀನು ಕುರ್ಚಿಯ ತುದಿಯಲ್ಲಿ ಕೂತು, "ಮೇಡಂ, ತೊಂದ್ರೆ ಇರೋದು ಕುತ್ತಿಗೇಲಿ" ಎಂದೆ. ಅವರು ನಕ್ಕರು. "ಕುತ್ತಿಗೆ ಗಂಟು ಪೊಲೀಸ್ ಠಾಣೆ ಇದ್ದ ಹಾಗೆ. ಊರಲ್ಲಿ ಎಲ್ಲೇ ಗಲಾಟೆ ಆದ್ರೂ ಜನ ಅಲ್ಲಿ ಸೇರ್ತಾರೆ. ಠಾಣೆ ಗೋಡೆ ನೋಡಿ ಗಲಾಟೆ ಯಾವುದು ಅಂತ ಹೇಳೋಕಾಗಲ್ಲ. ಕಳ್ಳ ಹೊರಗಿನಿಂದ ಬಂದಿರಬಹುದು. ಇಲ್ಲಾ ಬೇಲಿನೇ ಎದ್ದು ಹೊಲ ಮೇಯ್ತಿರಬಹುದು." ನಮ್ಮನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನಮ್ಮ ಮೈಯನ್ನು ತಿನ್ನುವ ಕಾಯಿಲೆಗಳೂ ಇವೆ ಎಂದು ವಿವರಿಸಿದರು. ಆಮೇಲೆ ಹಳೆಯ ವರದಿ ತೆರೆದು, ಕೊಯ್ದ ದಿನಾಂಕದ ಮೇಲೆ ಬೆರಳಿಟ್ಟು, ಅದೇ ಪ್ರಶ್ನೆ ಕೇಳಿದರು. ಇದಕ್ಕೆ ಮುಂಚೆ ಏನು ಕೊಟ್ಟಿದ್ದಿರಿ?

"ಏನೂ ಇಲ್ಲ ಮೇಡಂ" ಎಂದೆ ನೀನು.

ನಾನು ಐದಾರು ಕಡೆ ಕೆಲಸ ಬಿಟ್ಟವಳು, ಒಂದು ಕಡೆ ನಿಲ್ಲದ ಗಿರಗಿಟ್ಲೆ ಎಂದು ನೀನು ಎಲ್ಲರ ಮುಂದೆ ಹಂಗಿಸುತ್ತೀಯ. ಸರಿ. ಆದರೆ ಈ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಮಾತ್ರ ಒಂದು ವರ್ಷ ದಾಟಿದ್ದೇನೆ. ಯಾಕೆ ಗೊತ್ತೇ? ಅಲ್ಲಿ ಬಟ್ಟೆಯನ್ನು ಮುಟ್ಟುವ ಮುಂಚೆ ಒಂದು ಪ್ರಶ್ನೆ ಕೇಳುವ ನಿಯಮವಿದೆ. "ಮನೇಲಿ ಏನು ಹಾಕಿದ್ರಿ?" ಕಲೆಯಾದ ಮೇಲೆ ಎಲ್ಲರೂ ಏನಾದರೂ ಹಾಕಿಯೇ ಹಾಕಿರುತ್ತಾರೆ. ಬಿಸಿನೀರು, ಉಪ್ಪು, ಬ್ಲೀಚು. ಎಲ್ಲರೂ ಹೇಳುವುದು ಒಂದೇ: "ಏನೂ ಹಾಕಿಲ್ಲಪ್ಪ." ನಾವು ಅದನ್ನು ನಂಬಿ ಆವಿ ಹಿಡಿದರೆ ಕಲೆ ಅಲ್ಲೇ ಬೆಂದು ಕೂರುತ್ತದೆ, ಆಮೇಲೆ ದೇವರು ಬಂದರೂ ಹೋಗುವುದಿಲ್ಲ. ಒಬ್ಬರ ಒಳ್ಳೆಯ ಕೋಟು ನನ್ನ ಕೈಯಲ್ಲೇ ಹಾಗೆ ಹಾಳಾಯಿತು. ಯಜಮಾನಿ ನನ್ನನ್ನು ಬೈಯಲಿಲ್ಲ. "ಕಲೆ ಸುಳ್ಳು ಹೇಳಲ್ಲ ಕಣೇ, ಕಲೆ ತಂದವರು ಹೇಳ್ತಾರೆ" ಎಂದಳು. ದಿನಕ್ಕೆ ಇಪ್ಪತ್ತು ಸಲ ಆ "ಏನೂ ಇಲ್ಲ" ಕೇಳುವ ಕಿವಿ ನನ್ನದು. ನಿನ್ನ ಬಾಯಲ್ಲಿ ಅದನ್ನು ಎರಡನೇ ಸಲ ಕೇಳಿದಾಗ ಅಕ್ಕನ ಊದಿದ ಕಾಲು ನನ್ನ ಕಣ್ಣೆದುರಿಗೇ ಇತ್ತು.

"ಕೊಟ್ಟಿದ್ದಾನೆ" ಎಂದೆ. "ಬಿಳಿ ಮಾತ್ರೆ. ಮೂರು ಸಲ. ಗಂಟು ಕೊಯ್ಯೋ ಹಿಂದಿನ ದಿನದವರೆಗೂ."

ನೀನು ನನ್ನನ್ನು ನೋಡಲಿಲ್ಲ. ಅವರನ್ನು ನೋಡಿ ನಕ್ಕೆ. "ಒಂಬತ್ತನೇ ಕ್ಲಾಸ್ ಮುಗಿಸದ ಹುಡುಗಿ ಮೇಡಂ. ಮಾತ್ರೆ ಯಾವುದು, ಪೆಪ್ಪರ್‌ಮಿಂಟ್ ಯಾವುದು ಗೊತ್ತಿಲ್ಲ." ನಾನು ಶಾಲೆ ಬಿಟ್ಟಿದ್ದು ಯಾಕೆ ಅಂತ ಅಲ್ಲಿ ಹೇಳಲಿಲ್ಲ ನೀನು. ಪರೀಕ್ಷೆಯ ಉತ್ತರಗಳನ್ನು ಮೇಷ್ಟ್ರೇ ಹಿಂದಿನ ದಿನ ಬರೆಸಿದ್ದರು ಎಂದು ತನಿಖೆಗೆ ಬಂದವರ ಮುಂದೆ ಎದ್ದು ಹೇಳಿದ್ದಕ್ಕೆ, ಕ್ಷಮೆ ಕೇಳು ಎಂದಾಗ ಕೇಳದಿದ್ದಕ್ಕೆ. ಕ್ಷಮೆ ಕೇಳು ಎಂದವರಲ್ಲಿ ನೀನೂ ಒಬ್ಬ. ಡಾಕ್ಟರಮ್ಮ ಮೇಜಿನ ಖಾನೆಯಿಂದ ನಾಲ್ಕು ಥರದ ಮಾತ್ರೆ ತೆಗೆದು ನನ್ನ ಮುಂದಿಟ್ಟರು. ನಾನು ಒಂದನ್ನು ಮುಟ್ಟಿ ತೋರಿಸಿದೆ. ಅವರು ನಿನ್ನ ಕಡೆ ನೋಡಿದರು. ನೀನು ನೆಲ ನೋಡಿದೆ. ಅವರು ನಿನ್ನನ್ನು ಬೈಯಲಿಲ್ಲ ಅಪ್ಪ. "ಈ ಸ್ಟೀರಾಯ್ಡ್ ಮಾತ್ರೆ ಒಳಗಿದ್ದಾಗ ಕೊಯ್ದ ಗಂಟು ಅರ್ಧ ಒರೆಸಿದ ಹಲಗೆ. ಇನ್ನೊಮ್ಮೆ ಕೊಯ್ಯಬೇಕು" ಎಂದಷ್ಟೇ ಹೇಳಿದರು.

ಅಕ್ಕನ ಕುತ್ತಿಗೆಗೆ ಎರಡನೇ ಗಾಯ. ಬೆನ್ನಿನ ಕಡೆಯಿಂದ ಕಿಡ್ನಿಗೆ ಸೂಜಿ. ರಕ್ತ ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಹದಿನೈದು ದಿನದ ಮೇಲೆ ಅವರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿದರು: ಕ್ಷಯ ಅಲ್ಲ. ಕ್ಯಾನ್ಸರ್ ಅಲ್ಲ. ಲೂಪಸ್. ಬೇಲಿ ಹೊಲ ಮೇಯುವ ಕಾಯಿಲೆ. ಕಿಡ್ನಿಗೂ ತಾಗಿದೆ, ಇನ್ನೂ ಉಳಿಸಬಹುದು. ಅಮ್ಮ "ಉಳಿಸಬಹುದು" ಎಂಬ ಮಾತನ್ನು ಮಾತ್ರ ಕೇಳಿಸಿಕೊಂಡು ಅತ್ತಳು. ಬರೆದುಕೊಟ್ಟ ಚೀಟಿಯಲ್ಲಿ ಮೊದಲನೆಯದೇ ಆ ಬಿಳಿ ಮಾತ್ರೆ. ನಿನ್ನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ನೋಡಿದೆ. ಮಗಳು ಉಳಿಯುತ್ತಾಳೆ ಎಂದು ಬಂದ ಬೆಳಕು ಅಂದುಕೊಂಡು ನನಗೂ ಸಮಾಧಾನವಾಗಿತ್ತು.

ಅದರ ಮರುದಿನದಿಂದ ಬೀದಿಯಲ್ಲಿ ನಿನ್ನ ಹೊಸ ಪುರಾಣ ಶುರುವಾಯಿತು. "ದೊಡ್ಡಾಸ್ಪತ್ರೆಯವರು ತಿರುಗಿಸಿ ತಿರುಗಿಸಿ ಕೊನೆಗೆ ಕೊಟ್ಟಿದ್ದೇನು? ನಾನು ಮೊದಲನೇ ದಿನ ಕೊಟ್ಟ ಮಾತ್ರೆ!" ಕ್ಷೌರದವನು ಕತ್ತರಿ ನಿಲ್ಲಿಸಿ "ಅನುಭವ ಅಂದ್ರೆ ಅನುಭವ ಡಾಕ್ಟ್ರೇ" ಎಂದನಂತೆ. ಇದನ್ನು ನೀನೇ ಅಕ್ಕನ ಹಾಸಿಗೆಯ ಪಕ್ಕ ಕೂತು ಹೇಳಿದೆ, ಅವಳು ನಕ್ಕಳು. ಅಪ್ಪ, ನಾನು ಓದಿದವಳಲ್ಲ, ನನಗೊಂದು ಸಂಗತಿ ಬಿಡಿಸಿ ಹೇಳು. ಅವತ್ತು ನೀನು ಆ ಮಾತ್ರೆಯನ್ನು ಲೂಪಸ್ ಎಂದು ಕೊಟ್ಟೆಯಾ? ಆ ಹೆಸರನ್ನು ನಾವಿಬ್ಬರೂ ಒಂದೇ ದಿನ, ಒಂದೇ ಕೋಣೆಯಲ್ಲಿ ಮೊದಲ ಸಲ ಕೇಳಿದ್ದು. ನಾನು ಆಮೇಲೆ ಒಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕೇಳಿದೆ, ಹೌದು, ನಿನ್ನ ಬೆನ್ನ ಹಿಂದೆ ಹೋಗಿದ್ದೆ. ಅದು ಕ್ಷಯವೇ ಆಗಿದ್ದರೆ ನಿನ್ನ ಮಾತ್ರೆ ಅದನ್ನು ಮೈಯೆಲ್ಲ ಹರಡಲು ದಾರಿ ಮಾಡುತ್ತಿತ್ತಂತೆ. ಕ್ಯಾನ್ಸರ್ ಆಗಿದ್ದರೆ ಸ್ವಲ್ಪ ದಿನ ಮುಚ್ಚಿಟ್ಟು, ಕೈಮೀರಿದ ಮೇಲೆ ತೋರಿಸುತ್ತಿತ್ತಂತೆ. ಲೂಪಸ್ ಆಗಿದ್ದಕ್ಕೆ ಗಂಟು ಕರಗಿತು, ನಾವು ಹಿಗ್ಗಿದೆವು, ಒಳಗೆ ಕಿಡ್ನಿ ಸದ್ದಿಲ್ಲದೆ ಸವೆಯಿತು. ಕಣ್ಣು ಕಟ್ಟಿಕೊಂಡು ಎಸೆದ ಕಲ್ಲಿಗೆ ಹಣ್ಣು ಬಿದ್ದರೆ ಅದನ್ನು ಗುರಿ ಎನ್ನುವುದಿಲ್ಲ. ನಿನ್ನ ಕಲ್ಲು ಬಿದ್ದದ್ದು ಅಕ್ಕನ ತಲೆಯ ಮೇಲೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಜನ ನಿನ್ನನ್ನು ಹೊಗಳಲಿ, ನನಗೇನು. ಆದರೆ ಈಗ ನೀನು ಅದೇ ಹೊಗಳಿಕೆಯನ್ನು ಔಷಧಿ ಮಾಡಿ ಅಕ್ಕನಿಗೆ ಕುಡಿಸುತ್ತಿದ್ದೀಯ. ಬಿಳಿ ಮಾತ್ರೆ ಬೆಂಕಿ ಆರಿಸುತ್ತದೆ, ಅದನ್ನು ತಿಂಗಳು ತಿಂಗಳು ಕಮ್ಮಿ ಮಾಡುತ್ತಾ ಹೋಗಬೇಕು, ಕಿಡ್ನಿಯನ್ನು ಮುಂದೆ ಕಾಯುವುದು ನೇರಳೆ ಮಾತ್ರೆ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಮೊದಮೊದಲು ಹೊಟ್ಟೆ ತೊಳಸಬಹುದು, ಹಾಗಾದರೆ ಫೋನ್ ಮಾಡಿ, ನೀವೇ ನಿಲ್ಲಿಸಬೇಡಿ ಎಂದೂ ಹೇಳಿದರು. ಅಕ್ಕನಿಗೆ ಹೊಟ್ಟೆ ತೊಳಸಿತು. ಅವಳು ಫೋನ್ ಮಾಡಲಿಲ್ಲ, ನಿನ್ನನ್ನು ಕೇಳಿದಳು. ಅವಳು ಒದ್ದಾಡುವುದನ್ನು ನೋಡಲಾರದೆ ನೀನು ಬೇಡ ಅಂದೆ ಎಂದು ನನಗೆ ಗೊತ್ತು. ಅವಳ ಬೆನ್ನು ನೀವುತ್ತಾ ಬಚ್ಚಲ ಬಾಗಿಲಲ್ಲಿ ನೀನು ನಿಂತದ್ದನ್ನು ನಾನೂ ನೋಡಿದ್ದೇನೆ. ನಿನಗೆ ಕರುಳಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಅವಳಿಗೆ ಈಗ ಚೆನ್ನಾಗಿದೆ ಅನ್ನಿಸುತ್ತಿದೆ, ಮುಖ ದುಂಡಗಾಗಿದೆ, ಗಂಟು ಇಲ್ಲ, ಜ್ವರ ಇಲ್ಲ. ಮೊದಲ ಸಲವೂ ಹೀಗೇ ಚೆನ್ನಾಗಿತ್ತು. ನಿನ್ನೆ ಸಂಜೆ ಅವಳ ಕಣಕಾಲನ್ನು ನನ್ನ ಬೆರಳಿನಿಂದ ಒತ್ತಿ ನೋಡಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

ನಿನ್ನೆ ಎಲ್ಲವನ್ನೂ ಅವಳಿಗೆ ಹೇಳಿದೆ. ಕೂಗಿಯೂ ಹೇಳಿದೆ, ಕಾಲು ಹಿಡಿದೂ ಹೇಳಿದೆ. ಅವಳು ಕೇಳುವುದಿಲ್ಲ. ಅವತ್ತು ಡಾಕ್ಟರಮ್ಮನ ಕೋಣೆಯಿಂದ ಹೊರಬಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅವಳು ಕೇಳಿದ್ದು ಒಂದೇ ಮಾತು: "ಅಪ್ಪನ ಮಾನ ತೆಗೆಯೋಕೆ ನಿನಗೆ ಅಷ್ಟೊಂದು ಆಸೆನಾ?" ಅವಳ ಲೆಕ್ಕದಲ್ಲಿ ನಾನು ಏನು ಹೇಳಿದರೂ ಅದು ನಿನ್ನ ಮೇಲಿನ ಜಗಳ. ನೇರಳೆ ಮಾತ್ರೆ ನನ್ನ ಕಕ್ಷಿ, ಬಿಳಿ ಮಾತ್ರೆ ನಿನ್ನ ಕಕ್ಷಿ. ತನ್ನ ಕಿಡ್ನಿಯನ್ನು ಒತ್ತೆಯಿಟ್ಟು ಅವಳು ನಿನ್ನ ಮಾನ ಕಾಯುತ್ತಿದ್ದಾಳೆ ಅಪ್ಪ. ಇದನ್ನು ನೋಡಿಕೊಂಡು ಸುಮ್ಮನೆ ಉಣ್ಣಲು ನನ್ನಿಂದ ಆಗುವುದಿಲ್ಲ. ನಿನ್ನಿಂದ ಹೇಗೆ ಆಗುತ್ತಿದೆ?

ಡಾಕ್ಟರಮ್ಮನಿಗೆ ನಾನು ಈಗಲೇ ಫೋನ್ ಮಾಡಬಹುದು. ಮಾಡಿಯೂ ಮಾಡುತ್ತೇನೆ, ನಾಳೆ ಬೆಳಿಗ್ಗೆ ಆಸ್ಪತ್ರೆ ತೆರೆಯುತ್ತಲೇ. ನಿನಗೆ ತಿಳಿಸದೆ ಮಾಡಬಾರದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಅವರು ಚೀಟಿ ಬರೆಯಬಹುದು, ಅಕ್ಕನ ಬಾಯೊಳಗೆ ಹಾಕಿ ನೀರು ಕುಡಿಸಲಾರರು. ಅಕ್ಕ ನುಂಗುವುದು ನೀನು ಹೇಳಿದ್ದನ್ನು. ಮೂವತ್ತು ವರ್ಷ ನೀನು ಗಳಿಸಿದ ಆ ನಂಬಿಕೆಯನ್ನು ಒಂದು ಸಲ ಅವಳಿಗಾಗಿ ಖರ್ಚು ಮಾಡು. ಅವಳ ಹಾಸಿಗೆಯ ಪಕ್ಕ ಕೂತು, "ನಾನು ಕೊಟ್ಟಿದ್ದು ತಪ್ಪು. ಆಸ್ಪತ್ರೆಯಲ್ಲಿ ಎರಡು ಸಲ ಸುಳ್ಳು ಹೇಳಿದೆ. ನೇರಳೆ ಮಾತ್ರೆ ಬೇಡ ಅಂದಿದ್ದೂ ತಪ್ಪು" ಎಂದು ನಿನ್ನ ಬಾಯಿಂದ ಹೇಳು. ನಾನು ಆ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ, ಅಂಗಡಿಯಲ್ಲಿರುತ್ತೇನೆ. ನೀನು ಸೋತದ್ದನ್ನು ನೋಡುವ ಆಸೆ ನನಗಿಲ್ಲ. ಹೇಳಿದೆಯೋ ಇಲ್ಲವೋ ಎಂದು ನಾನು ಕೇಳುವುದೂ ಇಲ್ಲ. ಸಂಜೆ ಬಂದು ನೇರಳೆ ಮಾತ್ರೆಪಟ್ಟಿ ನೋಡುತ್ತೇನೆ. ಒಂದು ಗುಂಡಿ ಒಡೆದಿದ್ದರೆ ನನಗೆ ಅಷ್ಟು ಸಾಕು. ಆಮೇಲೆ ನೀನು ಬೀದಿಯಲ್ಲಿ ಏನು ಬೇಕಾದರೂ ಹೇಳಿಕೋ, ಜೀವಮಾನವಿಡೀ ನನ್ನ ಜೊತೆ ಮಾತು ಬಿಡು, ಅಮ್ಮನನ್ನೇ ಮೈಕ್ ಮಾಡಿಕೋ.

ಮಕ್ಕಳು ಅಪ್ಪನಿಗೆ ಆಶೀರ್ವಾದ ಮಾಡುವ ಪದ್ಧತಿ ಇಲ್ಲ. ಆದರೂ ಮಾಡುತ್ತೇನೆ. ನಿನ್ನ ಕೈಗುಣ ಹಾಗೇ ಇರಲಿ, ನಿನ್ನ ಬಾಯಿಗೂ ಅದು ಬರಲಿ.

ನಿನ್ನ ಮೇಲಿನ ಸಿಟ್ಟೂ ಇಳಿಯದ, ನಿನ್ನನ್ನು ಬಿಟ್ಟು ಹೋಗಲೂ ಆಗದ,
ಗಿರಗಿಟ್ಲೆ